ಪದವಿರುವ ಹಾಡು, ಪದ ಕಟ್ಟುವ ಕೆಲಸ

ರಾಗಿ ಬೀಸುವಾಗ ನಮ್ಮ ಹೆಂಗಸರು ಹಾಡುತ್ತಿದ್ದರು. ಭತ್ತ ಕುಟ್ಟಲು, ನಾಟಿ ಹಾಕಲು ಬೇರೆ ಬೇರೆ ಪದಗಳೇ ಇದ್ದವು. 1940ರ ಜೂನ್‌ನಲ್ಲಿ, ಯುದ್ಧದ ನಡುವೆ, ಬಿಬಿಸಿಯು ‘ಮ್ಯೂಸಿಕ್ ವೈಲ್ ಯು ವರ್ಕ್’ ಕಾರ್ಯಕ್ರಮ ಶುರು ಮಾಡಿ ಬ್ರಿಟನ್ನಿನ ಕಾರ್ಖಾನೆಗಳಿಗೆ ದಿನಕ್ಕೆರಡು ಹೊತ್ತು ಸಂಗೀತ ಕೇಳಿಸಿತು. ಮೈಮುರಿದು ದುಡಿಯುವವರಿಗೆ ಹಾಡು ಜೊತೆಯಾಗುತ್ತದೆ ಎಂಬುದನ್ನು ಯಾರೂ ಹೊಸದಾಗಿ ಕಂಡುಹಿಡಿಯಬೇಕಿರಲಿಲ್ಲ. ಕತೆ, ಲೇಖನ ಬರೆಯುವವರಿಗೂ ಅದೇ ಮಾತು ಒಪ್ಪುತ್ತದೆಯೇ ಎಂಬುದು ಮಾತ್ರ ಬಹುಕಾಲ ತಿಳಿದಿರಲಿಲ್ಲ.

ಉತ್ತರದ ಎಳೆ ಸಿಕ್ಕಿದ್ದು ಗದ್ದಲದ ಅಧ್ಯಯನದಲ್ಲಿ. 1950ರ ದಶಕದಲ್ಲಿ ಕೇಂಬ್ರಿಜ್‌ನ ಡೊನಾಲ್ಡ್ ಬ್ರಾಡ್‌ಬೆಂಟ್ ಜೋರು ಸದ್ದು ಮನುಷ್ಯನ ಗಮನವನ್ನು ಹೇಗೆ ಕೆಡಿಸುತ್ತದೆಂದು ಪರೀಕ್ಷಿಸುತ್ತಿದ್ದರು. ಸದ್ದು ಹೆಚ್ಚಿದಷ್ಟೂ ತೊಂದರೆ ಹೆಚ್ಚು ಎಂದು ಯಾರಿಗಾದರೂ ತೋಚುತ್ತದೆ. 1976ರಲ್ಲಿ ಅಮೆರಿಕದ ಹರ್ಬರ್ಟ್ ಕೋಲ್ ಮತ್ತು ವೆಲ್ಷ್ ಮಾಡಿದ ಪ್ರಯೋಗ ಈ ಲೆಕ್ಕವನ್ನೇ ಅಲುಗಾಡಿಸಿತು. ವಿದ್ಯಾರ್ಥಿಗಳಿಗೆ ಕೆಲವು ಇಂಗ್ಲಿಷ್ ವ್ಯಂಜನಗಳನ್ನು ಒಂದಾದ ಮೇಲೊಂದು ತೋರಿಸಿ, ಅದೇ ಕ್ರಮದಲ್ಲಿ ಬರೆಯಲು ಹೇಳಿದರು. ಹಿಂದೆ ಯಾರೋ ಜರ್ಮನ್ ಗದ್ಯವನ್ನು ಓದುವ ದನಿ. ಅದಕ್ಕೆ ಕಿವಿಗೊಡಬೇಡಿ ಎಂದು ಮೊದಲೇ ಹೇಳಿದ್ದರು. ಕಿವಿಗೊಟ್ಟರೂ ಅವರಿಗೆ ಜರ್ಮನ್ ಬಾರದು. ಆದರೂ ಅಕ್ಷರಗಳ ಕ್ರಮ ತಪ್ಪತೊಡಗಿತು. ಮುಂದೆ ಕೋಲ್ ದನಿಯನ್ನು ಏರಿಸಿ, ಇಳಿಸಿ ನೋಡಿದರೂ ಫಲಿತಾಂಶ ಬದಲಾಗಲಿಲ್ಲ. ಪಿಸುದನಿಯ ಮಾತೂ ಗಟ್ಟಿ ಮಾತಿನಷ್ಟೇ ಕೆಡಿಸುತ್ತಿತ್ತು.

1980ರ ದಶಕದಲ್ಲಿ ಫ್ರಾನ್ಸಿನ ಪಿಯರ್ ಸಲಾಮೆ ಮತ್ತು ಕೇಂಬ್ರಿಜ್‌ನ ಅಲನ್ ಬ್ಯಾಡ್ಲಿ ಈ ಎಳೆಯನ್ನು ಹಿಡಿದು ಮುಂದೆ ಹೋದರು. ರೇಡಿಯೋ ಸ್ಟೇಷನ್ ಸಿಗದಾಗ ಬರುವಂಥ ‘ಸ್ಸ್’ ಎಂಬ ಏರಿಳಿತವಿಲ್ಲದ ಗದ್ದಲ ನೆನಪನ್ನು ಕೆಡಿಸಲಿಲ್ಲ, ಮಾತು ಕೆಡಿಸಿತು. 1989ರಲ್ಲಿ ಅವರು ಸಂಗೀತವನ್ನೇ ಪರೀಕ್ಷೆಗೆ ಒಡ್ಡಿದಾಗ ಬರೀ ವಾದ್ಯಕ್ಕಿಂತ ಸಾಹಿತ್ಯವಿರುವ ಹಾಡು ಹೆಚ್ಚು ಅಡ್ಡಿ ಮಾಡಿತು.

ಇದರ ಕಾರಣದ ವಿವರಣೆಗೆ ಬ್ಯಾಡ್ಲಿ 1974ರಲ್ಲೇ ಗ್ರಹಾಂ ಹಿಚ್ ಜೊತೆ ಬುನಾದಿ ಹಾಕಿದ್ದರು. ಫೋನ್ ನಂಬರನ್ನು ಡಯಲ್ ಮಾಡುವವರೆಗೆ ನಾವು ಒಳಗೊಳಗೇ ಹೇಳಿಕೊಳ್ಳುತ್ತೇವಲ್ಲ, ಆ ದನಿ ಓಡಾಡುವ ಪುಟ್ಟ ಜಾಗವೊಂದು ಮನಸ್ಸಿನಲ್ಲಿದೆ. ಹೊರಗಿನ ಮಾತು ಅನುಮತಿ ಕೇಳದೆ ಅಲ್ಲಿಗೆ ನುಗ್ಗುತ್ತದೆ. ಬರೆಯುವವರ ಕಾರ್ಖಾನೆ ಇರುವುದೂ ಅಲ್ಲೇ. ‘ಹೋದನು’ ಎನ್ನಲೋ ‘ಹೋದ’ ಎನ್ನಲೋ ಎಂದು ಪೆನ್ನು ನಿಲ್ಲುವ ಕ್ಷಣವನ್ನು ಗಮನಿಸಿ: ಎರಡನ್ನೂ ಒಳಗಿವಿಯಲ್ಲಿ ಆಡಿಸಿ ನೋಡುತ್ತೇವೆ, ವಾಕ್ಯದ ತೂಕ ಎತ್ತ ವಾಲುತ್ತದೆಂದು ಕೇಳಿಸಿಕೊಳ್ಳುತ್ತೇವೆ. ಆಗ ಪಕ್ಕದಲ್ಲಿ ಭಾವಗೀತೆ ಹಾಡುತ್ತಿದ್ದರೆ ನಮ್ಮ ವಾಕ್ಯಕ್ಕೆ ಅದರ ಲಯ ಅಂಟಿಕೊಳ್ಳುತ್ತದೆ. ಬೀಸುವ ಕೈಗೆ ಹಾಡು ಎಂದೂ ಅಡ್ಡ ಬರಲಿಲ್ಲ, ಏಕೆಂದರೆ ಆ ಕೈಗೆ ಪದಗಳು ಬೇಕಿರಲಿಲ್ಲ.

ಹಾಗೆಂದು ಪದ ತೆಗೆದರೆ ಎಲ್ಲ ಸರಿಹೋಗುವುದೂ ಇಲ್ಲ. ಕಾರ್ಡಿಫ್‌ನ ಡಿಲನ್ ಜೋನ್ಸ್ ಮತ್ತು ಬಿಲ್ ಮ್ಯಾಕನ್ 1993ರಲ್ಲಿ ತೋರಿಸಿದಂತೆ ಒಂದೇ ಸ್ವರ ಮರಳಿ ಮರಳಿ ಬಂದರೆ ಹೆಚ್ಚು ಬಾಧೆಯಿಲ್ಲ. ಸ್ವರಗಳು ಬದಲಾಗುತ್ತಿದ್ದರೆ ಮಾತಿನಂತೆಯೇ ಅವೂ ನೆನಪನ್ನು ಕಲಕುತ್ತವೆ. 2001ರಲ್ಲಿ ಅಮೆರಿಕದ ವಿದ್ಯಾರ್ಥಿಗಳಿಂದ ಕಂಪ್ಯೂಟರಿನಲ್ಲಿ ಪ್ರಬಂಧ ಬರೆಸಿ ನೋಡಿದಾಗ ಹಿನ್ನೆಲೆ ಸಂಗೀತದಿಂದ ಬರವಣಿಗೆಯ ಓಟ ತಗ್ಗಿತು. ನನಗೆ ಅತ್ಯಂತ ಬೇಸರ ತಂದದ್ದು 2011ರ ಇನ್ನೊಂದು ಪ್ರಯೋಗ. ಅದರಲ್ಲಿ ಮೆಚ್ಚಿನ ಹಾಡೂ ಒಲ್ಲದ ಹಾಡಿನಷ್ಟೇ ನೆನಪನ್ನು ಕೆಡಿಸಿತ್ತು.

ಹಾಗಾದರೆ ಸಂಗೀತ ಕೇಳಿ ಬರೆಯಲು ಕೂತರೆ ಹುರುಪು ಬರುತ್ತದೆ ಎನ್ನುವವರು ಹೇಳುವುದು ಸುಳ್ಳೇ? ಖಂಡಿತ ಅಲ್ಲ. ಮೊಜಾರ್ಟ್ ಕೇಳಿದರೆ ಬುದ್ಧಿ ಚುರುಕಾಗುತ್ತದೆಂದು 1993ರ ಪ್ರಯೋಗವೊಂದರಿಂದ ಜಗತ್ತೇ ನಂಬಿತ್ತು. 2001ರಲ್ಲಿ ಕೆನಡಾದ ವಿಲಿಯಂ ಥಾಂಪ್ಸನ್ ಮತ್ತು ಸಂಗಡಿಗರು ಲವಲವಿಕೆಯ ಮೊಜಾರ್ಟ್ ಕೃತಿಯನ್ನೂ ಆಲ್ಬಿನೋನಿ ಹೆಸರಿನ ವಿಷಾದದ ಅಡಾಜಿಯೋವನ್ನೂ ಬೇರೆ ಬೇರೆಯಾಗಿ ಕೇಳಿಸಿ ಆಮೇಲೆ ಪರೀಕ್ಷೆ ಕೊಟ್ಟರು. ಚುರುಕು ಬಂದದ್ದು ಮೊದಲನೆಯದನ್ನು ಕೇಳಿದವರಿಗೆ. ಅದಕ್ಕೆ ಕಾರಣ ಅವರ ಮನಸ್ಸು ಅರಳಿದ್ದು. ಈ ಪ್ರಯೋಗದಲ್ಲಿ ಸಂಗೀತ ಮುಗಿದ ಮೇಲೆ ಕೆಲಸ ಶುರುವಾಗಿತ್ತು ಎಂಬುದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ನನಗಂತೂ ಇಡೀ ಕತೆಯ ಕೀಲಿ ಇಲ್ಲೇ ಇದೆ ಅನ್ನಿಸುತ್ತದೆ.

ಹಾಗಾಗಿ ನಾನು ಬರೆಯಲು ಕೂರುವ ಮೊದಲು ಮಲ್ಲಿಕಾರ್ಜುನ ಮನ್ಸೂರರನ್ನು ಪೂರ್ತಿ ಮನಸ್ಸಿಟ್ಟು ಕೇಳುತ್ತೇನೆ. ಅವರನ್ನು ಹಿನ್ನೆಲೆಗೆ ತಳ್ಳುವುದು ಸಂಗೀತಕ್ಕೂ ಮರ್ಯಾದೆಯಲ್ಲ. ಬರೆಯುವಾಗ ಬೀದಿಯ ಮಾತು ಕಿಟಕಿಯಿಂದ ಬಂದರೆ ತಂಬೂರಿಯ ಶ್ರುತಿಯೊಂದನ್ನೇ ಹಾಕಿಕೊಳ್ಳುತ್ತೇನೆ. ಅದು ನಿಂತಲ್ಲೇ ನಿಂತಿರುತ್ತದೆ, ಮಾತನ್ನು ಮುಚ್ಚುತ್ತದೆ. ತಿದ್ದುವ ಹೊತ್ತಿಗೆ ಅದೂ ಬೇಡ. ಎಲ್ಲ ಮುಗಿದು ಪುಟ ಜೋಡಿಸುವಾಗ, ಚಿತ್ರ ಅಂಟಿಸುವಾಗ ಸಾಹಿತ್ಯವಿರುವ ಹಾಡುಗಳ ಸರದಿ.