ಅಂತ್ಯ ತಿಳಿದ ಕಥೆಗೆ ಕಣ್ಣೀರೇಕೆ?

“ಅದೇ ಸಿನಿಮಾನ ಎಷ್ಟು ಸಲ ನೋಡ್ತೀಯೋ? ಕೊನೇಲಿ ಏನಾಗುತ್ತೆ ಅಂತ ನಿನಗೆ ಗೊತ್ತಿಲ್ವಾ?”

ಕಳೆದ ವರ್ಷ ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲಿನ ಮಿತ್ರನೊಬ್ಬನು ನನ್ನನ್ನು ಹೀಗೆ ಕೇಳಿದನು. ನಾನು ಮೊಬೈಲಿನಲ್ಲಿ ‘ಬಂಗಾರದ ಮನುಷ್ಯ’ ಚಿತ್ರವನ್ನು ನೋಡುತ್ತಿದ್ದೆನು. ಅದು ಹತ್ತನೆಯ ಸಲ. ಅಂದು ಅವನಿಗೆ ನಾನು ಉತ್ತರ ಕೊಡಲಿಲ್ಲ. ಕೊಡುವ ಸ್ಥಿತಿಯಲ್ಲಿರಲಿಲ್ಲವೆಂದರೆ ಹೆಚ್ಚು ಸರಿಯಾದೀತು. ಆ ಉತ್ತರವನ್ನು ಈಗ, ನಮ್ಮ ಕಾಲೇಜಿನ ಈ ವಾರ್ಷಿಕ ಸಂಚಿಕೆಯಲ್ಲಿ, ಮಿತ್ರರ ಹಾಗೂ ಅಧ್ಯಾಪಕ ಮಹನೀಯರ ಮುಂದೆ ಇಡಲು ಯತ್ನಿಸುವೆನು.

ಚಿತ್ರವನ್ನು ನೋಡದ ಕಿರಿಯ ಮಿತ್ರರಿಗಾಗಿ ನಾಲ್ಕು ಮಾತು. ಟಿ. ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರವು 1972ರಲ್ಲಿ ತೆರೆ ಕಂಡಿತು. ಸಂಗೀತ ಜಿ. ಕೆ. ವೆಂಕಟೇಶ್ ಅವರದು. ರಾಜೀವನಾಗಿ ರಾಜ್‌ಕುಮಾರ್, ಲಕ್ಷ್ಮಿಯಾಗಿ ಭಾರತಿ, ರಾಚೂಟಪ್ಪನಾಗಿ ಬಾಲಕೃಷ್ಣ. ಅಕ್ಕನನ್ನು ನೋಡಲೆಂದು ಹಳ್ಳಿಗೆ ಬಂದ ರಾಜೀವನು, ಭಾವನ ಸಾವಿನಿಂದ ದಿಕ್ಕೆಟ್ಟ ಆ ಸಂಸಾರದ ನೊಗಕ್ಕೆ ಹೆಗಲು ಕೊಟ್ಟು, ಬಂಡೆ ತುಂಬಿದ ಬರಡು ನೆಲವನ್ನು ಹಸುರು ಮಾಡುತ್ತಾನೆ. ಮೆಚ್ಚಿದ ಹುಡುಗಿಯನ್ನು ಮದುವೆಯಾಗಿ, ಅವಳನ್ನು ಕಳೆದುಕೊಳ್ಳುತ್ತಾನೆ. ಕಡೆಗೆ ತಾನೇ ಓದಿಸಿ ದೊಡ್ಡವನನ್ನಾಗಿ ಮಾಡಿದ ಅಕ್ಕನ ಮಗ ಕೇಶವನಿಂದ ಹಣದ ವಿಷಯದಲ್ಲಿ ಮಾತು ಕೇಳಿ, ಎದುರಾಡದೆ ಮನೆ ಬಿಟ್ಟು ನಡೆದುಬಿಡುತ್ತಾನೆ. ಇಷ್ಟೇ ಕಥೆ. ಇಷ್ಟು ಕಥೆಯ ಚಿತ್ರವು ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಎರಡು ವರ್ಷವೂ ಪ್ರತಿದಿನ ಹೊಸಬರೇ ಬಂದು ನೋಡಿದರೆಂದು ನಂಬುವುದು ಕಷ್ಟ. ನೋಡಿದವರೇ ಮತ್ತೆ ಬಂದಿರಬೇಕು. ನಮ್ಮ ಅಜ್ಜಿಯೂ ನಾಲ್ಕು ಮೈಲಿ ನಡೆದು ಹೋಗಿ, ಟೆಂಟಿನ ಮರಳಿನ ಮೇಲೆ ಕುಳಿತು ಇದನ್ನು ನಾಲ್ಕು ಸಲ ನೋಡಿದಳಂತೆ. ನಾಲ್ಕನೆಯ ಸಲಕ್ಕೆ ತಾತನಿಗೆ ಹೇಳದೆ ಹೋಗಿದ್ದಳೆಂಬುದು ನಮ್ಮ ಮನೆಯಲ್ಲಿ ಇಂದಿಗೂ ನಗೆಯ ಮಾತು.

ಅಂತ್ಯ ತಿಳಿದ ಮೇಲೆ ರುಚಿ ಉಳಿಯುವುದೇ ಎಂಬುದು ಮಿತ್ರನ ಪ್ರಶ್ನೆಯ ತಿರುಳು. ನಮ್ಮ ಊರಿನವರಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಂಡೀತು. ಕರ್ಣನು ಸಾಯುವನೆಂಬುದು ತಿಳಿಯದೆ ಬಯಲಾಟಕ್ಕೆ ಹೋದವರು ಯಾರಿದ್ದಾರೆ? ತಿಳಿದೇ ಹೋಗುತ್ತಾರೆ, ತಿಳಿದೇ ಅಳುತ್ತಾರೆ. 2011ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಕೆಲವರಿಗೆ ಸಣ್ಣ ಕಥೆಗಳನ್ನು ಅಂತ್ಯ ತಿಳಿಸಿಯೂ ಕೆಲವರಿಗೆ ತಿಳಿಸದೆಯೂ ಓದಲು ಕೊಟ್ಟು ನೋಡಿದರು. ಅಂತ್ಯ ತಿಳಿದಿದ್ದವರೇ ಹೆಚ್ಚು ಮೆಚ್ಚಿದರಂತೆ. ಮುಂದೇನಾಗುವುದೋ ಎಂಬ ಕುತೂಹಲವು ಮನಸ್ಸಿನ ಬಹುಭಾಗವನ್ನು ತಾನೇ ಆಕ್ರಮಿಸಿಕೊಂಡಿರುತ್ತದೆ. ಅದು ಎದ್ದು ಹೋದರೆ ಮಿಕ್ಕುದನ್ನು ಕಾಣಲು ಸ್ಥಳ ತೆರವಾಗುತ್ತದೆ. ಇದು ನನ್ನ ಊಹೆ. ಆದರೆ ಅನುಭವಕ್ಕೆ ಬಂದ ಊಹೆ.

ಮೊದಲ ಸಲ ನೋಡಿದಾಗ ನನಗೆ ಎಂಟು ವರ್ಷ. ಪಕ್ಕದ ಮನೆಯ ಟೀವಿಯ ಮುಂದೆ ನೆಲದ ಮೇಲೆ ಕುಳಿತಿದ್ದೆನು. ಲಕ್ಷ್ಮಿ ಸತ್ತಾಗ ಜೋರಾಗಿ ಅತ್ತೆನು. ಎತ್ತಿಕೊಂಡು ಬಂದು ಮಲಗಿಸಿದರಂತೆ. ಎರಡನೆಯ ಸಲವೂ ಅಲ್ಲಿಯೇ ಅತ್ತೆನು. ಮೂರನೆಯ ಸಲ ಒಂದು ಸೋಜಿಗ ನಡೆಯಿತು. ಲಕ್ಷ್ಮಿಯು ಸಾಯುವ ದೃಶ್ಯದಲ್ಲಿ ಕಣ್ಣು ಒಣಗಿದ್ದಿತು. ಆದರೆ ಅದಕ್ಕೆ ಎಷ್ಟೋ ಮೊದಲು, ಅವಳೂ ರಾಜೀವನೂ ನಗುನಗುತ್ತ ಹಾಡುವ ಕಡೆ ಗಂಟಲು ಕಟ್ಟಿತು. ಅಲ್ಲಿ ದುಃಖಕ್ಕೆ ಕಾರಣವೇ ಇಲ್ಲ! ಆ ಇಬ್ಬರಿಗೂ ತಿಳಿಯದ ಸಂಗತಿಯೊಂದು ನನಗೆ ತಿಳಿದಿದ್ದಿತು, ಅಷ್ಟೇ. ಮರಳಿ ಮರಳಿ ನೋಡುವುದರ ಮುಖ್ಯ ಪರಿಣಾಮ ಇದೇ ಎಂದು ನನಗೆ ತೋರುತ್ತದೆ. ಕಣ್ಣೀರು ಕಥೆಯ ಕೊನೆಯಿಂದ ಮೊದಲಿನ ಕಡೆಗೆ ಸರಿಯುತ್ತ ಬರುತ್ತದೆ. ಈಗಂತೂ ರಾಜೀವನು ಹಳ್ಳಿಗೆ ಬಂದಿಳಿಯುವುದನ್ನು ಕಂಡರೇ ಸಾಕು, ‘ಬೇಡಪ್ಪ, ಹಿಂದಿರುಗಿ ಹೋಗು’ ಎಂದು ಮನಸ್ಸು ಹೇಳುತ್ತದೆ.

ಪ್ರತಿ ಸಲವೂ ಹೀಗಾಗುವುದೆಂದು ಹೇಳಿದರೆ ಸುಳ್ಳಾದೀತು. ಐದು, ಆರನೆಯ ಸಲ ಸಪ್ಪೆಯೆನಿಸಿತು. ರಾಚೂಟಪ್ಪನ ಮಾತಿಗೆ ನಗು ಬಂದುದನ್ನು ಬಿಟ್ಟರೆ ಬೇರೇನೂ ನೆನಪಿಲ್ಲ. ಆದರೆ ಬೇಸರದಲ್ಲಿಯೂ ಒಂದು ಪ್ರಯೋಜನವುಂಟು. ಕಣ್ಣು ತಪ್ಪು ಹುಡುಕತೊಡಗುತ್ತದೆ. ಬಂಡೆಗಳ ನೆಲವು ಒಂದು ಹಾಡು ಮುಗಿಯುವುದರೊಳಗೆ ಹದಕ್ಕೆ ಬರುವುದನ್ನು ಕಂಡು ನಮ್ಮ ಅಣ್ಣನು, “ನಮ್ಮ ಬೋರ್‌ವೆಲ್ ಮುಂದೆ ನೀನೂ ಒಂದು ಹಾಡು ಹೇಳಿ ನೋಡು, ನೀರು ಬಂದರೂ ಬಂತು” ಎಂದಿದ್ದನು. ಅಕ್ಕನ ಪಾತ್ರಕ್ಕೆ ಅಳುವುದನ್ನು ಬಿಟ್ಟು ಬೇರೆ ಕೆಲಸವನ್ನು ಇನ್ನಷ್ಟು ಕೊಡಬಹುದಾಗಿತ್ತೆಂಬುದು ನನ್ನ ದೂರು. ಪ್ರೀತಿಯ ವಸ್ತುವಿನ ದೋಷ ಕಂಡರೆ ಪ್ರೀತಿ ಕಡಿಮೆಯಾಗುವುದೆಂಬ ಮಾತು ಈ ಚಿತ್ರದ ಮಟ್ಟಿಗೆ ನಿಜವಾಗಲಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವೆನು. ಇತ್ತೀಚೆಗೆ ನಾವೆಲ್ಲ ಮೊಬೈಲಿನಲ್ಲಿ ಚಿತ್ರವನ್ನು ತುಣುಕು ತುಣುಕಾಗಿ ನೋಡುತ್ತೇವೆ. ಬೇಕಾದ ಹಾಡು, ಬೇಕಾದ ದೃಶ್ಯ. ಕೊನೆಯ ದೃಶ್ಯವೊಂದನ್ನೇ ನಾನು ಹಾಗೆ ಎಷ್ಟು ಸಲ ನೋಡಿರುವೆನೋ ಲೆಕ್ಕವಿಲ್ಲ. ಅದರಿಂದ ಒಂದು ಹನಿಯೂ ಬಂದುದಿಲ್ಲ. ಎರಡು ಗಂಟೆಗೂ ಮಿಕ್ಕು ರಾಜೀವನೊಡನೆ ದುಡಿಯದವನಿಗೆ ಅವನು ಹೊರಟುಹೋದ ನಷ್ಟ ತಟ್ಟುವುದಾದರೂ ಹೇಗೆ? ಆದುದರಿಂದ ತುಣುಕುಗಳನ್ನು ನನ್ನ ಲೆಕ್ಕದಲ್ಲಿ ಸೇರಿಸಿಲ್ಲ.

ದುಃಖದ ದೃಶ್ಯದಿಂದ ಸಂತೋಷವಾಗುವುದೇಕೆಂಬ ಪ್ರಶ್ನೆ ಹಳೆಯದು. ಭರತನು ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಹೇಳಿ, ಕರುಣಕ್ಕೆ ಶೋಕವೇ ಸ್ಥಾಯೀಭಾವವೆಂದನು. ಶೋಕವು ರಸವಾಗುವ ಬಗೆಯನ್ನು ವಿವರಿಸಲು ಭಟ್ಟನಾಯಕನು ಸಾಧಾರಣೀಕರಣವೆಂಬ ಮಾತನ್ನು ತಂದನು. ರಂಗದ ಮೇಲಿನ ದುಃಖವು ಆ ಪಾತ್ರದ್ದೂ ಅಲ್ಲ, ನಟನದ್ದೂ ಅಲ್ಲ, ನೋಡುವವನ ಸ್ವಂತದ್ದೂ ಅಲ್ಲ. ಯಾರೊಬ್ಬರದೂ ಅಲ್ಲದ್ದರಿಂದಲೇ ಅದು ಎಲ್ಲರ ಆಸ್ವಾದಕ್ಕೆ ಒದಗುತ್ತದೆ. ತರಗತಿಯಲ್ಲಿ ಇದನ್ನು ಕೇಳಿದ ದಿನ, ನಾನು ಪಕ್ಕದ ಮನೆಯ ಟೀವಿಯ ಮುಂದೆ ಅತ್ತುದಕ್ಕೆ ಇಷ್ಟು ದೊಡ್ಡ ಹೆಸರಿದೆಯೇ ಎಂದು ಹಿಗ್ಗಿದೆನು. ಅಭಿನವಗುಪ್ತನು ಇನ್ನೂ ಮುಂದೆ ಹೋಗಿ, ರಸಾನುಭವಕ್ಕೆ ಏಳು ವಿಘ್ನಗಳನ್ನು ಎಣಿಸಿದ್ದಾನೆ. ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದು ಅವುಗಳಲ್ಲೊಂದು.

ಈ ವಿಘ್ನವೇ ಹತ್ತನೆಯ ಸಲ ನನಗೆ ಬಂದೊದಗಿದುದು.

ನಮ್ಮ ಮನೆಯಲ್ಲಿ ಡಿಗ್ರಿಯವರೆಗೆ ಬಂದವನು ನಾನೊಬ್ಬನೇ. ಅಣ್ಣನು ಹತ್ತನೆಯ ತರಗತಿಗೆ ಓದು ನಿಲ್ಲಿಸಿ ಎರಡು ಎಕರೆ ಹೊಲವನ್ನು ನೋಡಿಕೊಳ್ಳುತ್ತಿದ್ದಾನೆ. ಎರಡನೆಯ ವರ್ಷದಲ್ಲಿ ಒಮ್ಮೆ ಹಾಸ್ಟೆಲಿನ ಊಟದ ಬಾಕಿಗಾಗಿ ಊರಿಗೆ ಹೋದೆನು. ಕೇಳಿದುದಕ್ಕಿಂತ ಎರಡು ಸಾವಿರ ಕಡಿಮೆ ಕೊಟ್ಟನು. ಅವನು ಉಣ್ಣುತ್ತಿದ್ದನು, ಅಮ್ಮ ಬಡಿಸುತ್ತಿದ್ದಳು. ನಾನು ನಿಂತುಕೊಂಡೇ, “ರಾಗಿ ಮಾರಿದ ದುಡ್ಡೆಲ್ಲ ಏನಾಯ್ತು? ಲೆಕ್ಕ ಹೇಳು” ಎಂದೆನು. ಲೆಕ್ಕ ಎಂಬ ಪದವನ್ನು ನಮ್ಮ ಮನೆಯಲ್ಲಿ ಯಾರೂ ಹಾಗೆ ಬಳಸಿದುದಿಲ್ಲ. ಅಣ್ಣನು ತಲೆಯೆತ್ತದೆ, “ಮುಂದಿನ ತಿಂಗಳು ಕಳಿಸ್ತೀನಿ ಬಿಡು” ಎಂದನು. ನನ್ನ ಕಾಲೇಜಿನ ಪ್ರವೇಶಕ್ಕಾಗಿ ಮಾಡಿದ್ದ ಕೈಸಾಲವನ್ನು ಆ ರಾಗಿಯ ದುಡ್ಡಿನಲ್ಲಿ ತೀರಿಸಿದ್ದನೆಂಬುದನ್ನು ಅಮ್ಮ ಆಮೇಲೆ ಹೇಳಿದಳು.

ಚಿತ್ರದಲ್ಲಿ ರಾಜೀವನು ಪಟ್ಟಣದಲ್ಲಿರುವ ಶರಾವತಿಯೆಂಬ ಹೆಂಗಸಿನ ಸಂಸಾರಕ್ಕೆ ಹಣ ಕೊಡುತ್ತಿರುತ್ತಾನೆ. ಏಕೆಂಬುದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೇಶವನು ತಪ್ಪು ತಿಳಿದು ಕೇಳಬಾರದ ಮಾತು ಕೇಳುತ್ತಾನೆ. ಒಂಬತ್ತು ಸಲವೂ ನಾನು ಕೇಶವನನ್ನು ಹಲ್ಲು ಕಡಿದು ಬೈದವನೇ. ಒಂಬತ್ತು ಸಲವೂ ನಾನು ರಾಜೀವನೇ ಆಗಿದ್ದೆನು. ನಮ್ಮಲ್ಲಿ ಯಾರು ತಾನೇ ನೋಡುವಾಗ ರಾಜೀವರಲ್ಲ? ಹತ್ತನೆಯ ಸಲ ಕೇಶವನು ಬಾಯಿ ತೆರೆದಾಗ ನನ್ನದೇ ಮಾತು ಕೇಳಿಸಿದಂತಾಯಿತು. ಅವನು ಓದಿದವನು ಎಂಬುದು, ಅವನ ಮಾತಿನ ಹರಿತವು ಆ ಓದಿನಿಂದಲೇ ಬಂದುದೆಂಬುದು, ಅದುವರೆಗೆ ನನ್ನ ಗಮನಕ್ಕೆ ಬಂದಿರಲೇ ಇಲ್ಲ. ನಾನು ಚಿತ್ರವನ್ನು ಅಲ್ಲಿಯೇ ನಿಲ್ಲಿಸಿದೆನು. ಟೆಂಟಿನಲ್ಲಿ ಕುಳಿತ ಅಜ್ಜಿಗೆ ನಿಲ್ಲಿಸುವ ಅನುಕೂಲವಿರಲಿಲ್ಲ. ಮಿತ್ರನು ನನ್ನನ್ನು ಪ್ರಶ್ನಿಸಿದ್ದು ಆ ಗಳಿಗೆಯಲ್ಲಿಯೇ.

ಅಭಿನವಗುಪ್ತನ ಅಳತೆಯಲ್ಲಿ ಅಂದು ನನ್ನದು ಕೆಟ್ಟ ನೋಟ. ಶಾಸ್ತ್ರವನ್ನು ಅಲ್ಲಗಳೆಯುವ ಯೋಗ್ಯತೆ ನನಗಿಲ್ಲ. ಆದರೂ ಒಂದು ಸಂದೇಹವನ್ನು ಗುರುಗಳ ಮುಂದಿಡಬೇಕೆನಿಸುತ್ತದೆ. ರಸವನ್ನು ಕೊಟ್ಟದ್ದೂ ಅದೇ ಚಿತ್ರ, ಕೆಡಿಸಿದ್ದೂ ಅದೇ ಚಿತ್ರ. ಒಂಬತ್ತು ಸಲ ಯಾರದೂ ಅಲ್ಲದ ದುಃಖವಾಗಿ ನನ್ನೊಳಗೆ ಹೊಕ್ಕು ಕುಳಿತಿರದಿದ್ದರೆ, ಹತ್ತನೆಯ ಸಲ ಅದು ನನ್ನದೇ ಆಗುತ್ತಿದ್ದಿತೇ? ಈ ಚಿತ್ರವನ್ನು ನೋಡಿ ಪಟ್ಟಣದ ಓದಿದ ಯುವಕರು ಕೆಲವರು ಬೇಸಾಯಕ್ಕೆ ಹಿಂದಿರುಗಿದರೆಂದು ಹಿರಿಯರು ಹೇಳುವುದುಂಟು. ಅವರೂ ಒಂದೇ ಸಲ ನೋಡಿ ಹೊರಟಿರಲಾರರೆಂದು ನನ್ನ ಎಣಿಕೆ.

ಈ ದೀಪಾವಳಿಗೆ ಊರಿಗೆ ಹೋದಾಗ ಹನ್ನೊಂದನೆಯ ಸಲ ನೋಡಿದೆನು, ಅಣ್ಣನ ಪಕ್ಕದಲ್ಲಿ. ಲೆಕ್ಕದ ಮಾತನ್ನು ನಾವಿಬ್ಬರೂ ಎತ್ತಲಿಲ್ಲ. ಕೇಶವನ ದೃಶ್ಯ ಬಂದಾಗ ನಾನು ಅಣ್ಣನ ಮುಖವನ್ನು ನೋಡಿದೆನು; ಅವನು ಟೀವಿಯನ್ನೇ ನೋಡುತ್ತಿದ್ದನು. ರಾಜೀವನು ಇನ್ನೇನು ಹೊರಡಬೇಕೆನ್ನುವಾಗ ಹೊಲದ ಲೈನಿಗೆ ತ್ರೀ ಫೇಸ್ ಕರೆಂಟು ಬಂದಿತೆಂದು ಹೊರಗಿನಿಂದ ಯಾರೋ ಕೂಗಿದರು. ಅಣ್ಣನು ಟಾರ್ಚನ್ನು ಕೈಗೆ ತೆಗೆದುಕೊಂಡು ಎದ್ದನು.

“ಕೊನೆ ಗೊತ್ತಲ್ಲ, ನೀನು ನೋಡು. ಮೋಟರ್ ಹಾಕಿ ಬರ್ತೀನಿ” ಎಂದನು.

ನಾನು ಟೀವಿಯನ್ನು ಆರಿಸಿ, ಚಪ್ಪಲಿ ಮೆಟ್ಟಿಕೊಂಡು, ಅವನ ಹಿಂದೆಯೇ ಹೊಲದ ಕಡೆ ನಡೆದೆನು.