ಆಕಾಶದೂತನಿಗೆ ಸಕಾಲದ ಮಾತು

ಮಳೆ ಬಲವಾಗಿ ಸುರಿದಾಗ ಹೊರಮಾವಿನವರಿಗೆ ದಾರಿಯ ಬೆಲೆ ತಿಳಿಯುವುದು. ೨೦೨೫ರ ಮೇ ತಿಂಗಳ ಮಳೆಯಲ್ಲಿ ಇಲ್ಲಿನ ಸಾಯಿ ಬಡಾವಣೆಯ ಬೀದಿಗಳು ಜಲಾವೃತವಾಗಿ, ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಅಂತಹ ದಿನ ಮನೆಯೊಳಗಿನ ರೋಗಿಗೆ ಔಷಧ ಬೇಕಾದರೆ ಗತಿಯೇನು? ನೆಲದ ಹಾದಿ ಮುಚ್ಚಿದ ಮೇಲೆ ಉಳಿಯುವುದು ಆಕಾಶದ ಹಾದಿಯೊಂದೇ.

ಇದು ಬರಿಯ ಮನೋರಾಜ್ಯವಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಶಾಲೆಯವರು ನಿರ್ಮಿಸಿದ ಡ್ರೋನ್ ಒಂದು ೨೦೨೧ರ ನವೆಂಬರಿನಲ್ಲಿ ಆನೇಕಲ್ ತಾಲ್ಲೂಕಿನ ಚಂದಾಪುರದಿಂದ ಹಾರಗದ್ದೆಯ ಆರೋಗ್ಯಕೇಂದ್ರಕ್ಕೆ ೫೦ ಸೀಸೆ ಕೋವಿಡ್ ಲಸಿಕೆಯನ್ನು ಸುಮಾರು ೧೦ ನಿಮಿಷಗಳಲ್ಲಿ ಮುಟ್ಟಿಸಿತು. ರಸ್ತೆಯಲ್ಲಿ ಅದಕ್ಕೆ ಅರ್ಧ ಗಂಟೆಯಾದರೂ ಹಿಡಿಯುವುದು.

ಆ ಯಂತ್ರದ ವೇಗ ಸೆಕೆಂಡಿಗೆ ಸುಮಾರು ೧೦ ಮೀಟರ್. ‘ನಿಲ್ಲು’ ಎಂಬ ನಿಸ್ತಂತು ಆಜ್ಞೆ ಒಂದು ಸೆಕೆಂಡು ತಡವಾದರೆ, ಅಷ್ಟರಲ್ಲಿ ಅದು ೩೦ ಅಡಿ ಅಗಲದ ಮನೆಯೊಂದನ್ನು ದಾಟಿರುವುದು. ಆ ಮನೆಯ ಮಾಳಿಗೆಯಲ್ಲಿ ಮಕ್ಕಳು ಆಡುತ್ತಿರಬಹುದು.

ವಾಕ್ಯಾರ್ಥವು ತಿಳಿಯಲು ಆಕಾಂಕ್ಷೆ, ಯೋಗ್ಯತೆಗಳೊಡನೆ ಸನ್ನಿಧಿಯೂ ಬೇಕೆಂದು ನಮ್ಮ ತಾರ್ಕಿಕರು ಹೇಳುವರು. ಸನ್ನಿಧಿಯೆಂದರೆ ಪದಗಳನ್ನು ವಿಳಂಬವಿಲ್ಲದೆ ಉಚ್ಚರಿಸುವುದು. ‘ಬಾವಿಯ ಬಳಿಗೆ’ ಎಂದು ಬೆಳಿಗ್ಗೆಯೂ ‘ಹೋಗಬೇಡ’ ಎಂದು ಸಂಜೆಯೂ ಹೇಳಿದರೆ ಮಗುವಿಗೆ ಅದು ಎಚ್ಚರಿಕೆಯಾಗದು. ಡ್ರೋನಿನ ವಿಷಯದಲ್ಲಿಯೂ ಹಾಗೆಯೇ. ತಡವಾಗಿ ಬಂದ ಆಜ್ಞೆ ಆಜ್ಞೆಯೇ ಅಲ್ಲ.

ಆದಕಾರಣ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ೫ಜಿ ಮೊಬೈಲ್ ಜಾಲಕ್ಕೆ ಒಂದು ಕಠಿನ ನಿಯಮವನ್ನು ವಿಧಿಸಿತು. ಇಂತಹ ಕಾರ್ಯಗಳಿಗೆ ಮೀಸಲಾದ ಚಿಕ್ಕ ಸಂದೇಶವು ಗೋಪುರಕ್ಕೂ ಯಂತ್ರಕ್ಕೂ ನಡುವೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನೊಳಗೆ, ಲಕ್ಷಕ್ಕೆ ೯೯,೯೯೯ ಸಲ ತಪ್ಪದೆ ತಲುಪಬೇಕು.

ಆದರೆ ಆಕಾಶದಲ್ಲಿ ಇದು ಸುಲಭವಲ್ಲ. ಏಕೆಂದರೆ ಗೋಪುರಗಳ ಆಂಟೆನಾಗಳು ನೆಲದ ಜನರಿಗಾಗಿ ಕೆಳಮುಖವಾಗಿ ಬಾಗಿರುವುವು. ಮೇಲಿರುವವನಿಗೆ ದೊರೆಯುವುದು ಅಂಚಿನ ಅಲೆಗಳು ಮಾತ್ರ. ಮೇಲಾಗಿ, ನೆಲದಲ್ಲಿ ಕಟ್ಟಡಗಳು ದೂರದ ಗೋಪುರಗಳನ್ನು ಮರೆಮಾಡುವುವು. ಆಕಾಶದಲ್ಲಿ ಮರೆಯಿಲ್ಲದ ಕಾರಣ ಅನೇಕ ಗೋಪುರಗಳ ಅಲೆಗಳು ಒಟ್ಟಿಗೆ ಬಂದು, ತರಗತಿಯ ಮಕ್ಕಳೆಲ್ಲ ಏಕಕಾಲಕ್ಕೆ ಮಾತಾಡಿದಂತಾಗುವುದು. ಇದಕ್ಕೆ ಪರಿಹಾರವಾಗಿ ಒಂದೇ ಆಜ್ಞೆಯನ್ನು ಎರಡು ಮಾರ್ಗಗಳಲ್ಲಿ ಕಳುಹಿಸುವುದು, ಡ್ರೋನಿನ ಕಡೆಗೇ ಅಲೆಗಳನ್ನು ತಿರುಗಿಸುವುದು ಮೊದಲಾದ ಉಪಾಯಗಳಿರುವುವು.

ಲಕ್ಷಕ್ಕೊಂದು ತಪ್ಪು ಅಲ್ಪವೆಂದು ತೋರಬಹುದು. ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ ೧೦ ಆಜ್ಞೆಗಳಾದರೆ ಮೂರು ಗಂಟೆ ತುಂಬುವುದರೊಳಗೆ ಲಕ್ಷ ಮುಗಿಯುವುದು! ನಗರದ ಮೇಲೆ ನೂರು ಡ್ರೋನುಗಳು ಹಾರಿದರೆ ಎರಡು ನಿಮಿಷವೂ ಬೇಡ. ಆದುದರಿಂದಲೇ ೬ಜಿ ಜಾಲಕ್ಕಾಗಿ ೨೦೨೩ರಲ್ಲಿ ಅದೇ ಒಕ್ಕೂಟವು ರೂಪಿಸಿದ ಚೌಕಟ್ಟು, ತಪ್ಪನ್ನು ಕೋಟಿಗೊಂದರವರೆಗೆ ಇಳಿಸುವ ಸಂಶೋಧನೆಯ ಗುರಿಯನ್ನು ಮುಂದಿಟ್ಟಿದೆ.

ಆದರೂ ತಪ್ಪು ಸೊನ್ನೆಯಾಗಲಾರದು. ಒಂದು ಮಾತು ಕಳೆದರೆ ಮುಂದಿನದಕ್ಕೆ ಕಾಯುವ, ಸಂಪರ್ಕವೇ ಕಡಿದರೆ ಹೊರಟ ಸ್ಥಳಕ್ಕೆ ಮರಳುವ ಅಥವಾ ನಿರ್ಜನವಾದ ಬಯಲಿನಲ್ಲಿ ಇಳಿಯುವ ಶಿಕ್ಷಣವನ್ನು ದೂತನಿಗೆ ಮೊದಲೇ ಕೊಟ್ಟಿರಬೇಕು. ಮುಂದೆ ನಮ್ಮ ಬಡಾವಣೆಗೆ ಇಂತಹ ಸೇವೆ ಬಂದಾಗ, ‘ಎಷ್ಟು ಬೇಗ ತರುವಿರಿ?’ ಎಂದು ಕೇಳುವುದಕ್ಕೆ ಮುಂಚೆ, ‘ಮಾತು ತಪ್ಪಿದಾಗ ಏನು ಮಾಡುವಿರಿ?’ ಎಂದು ವಾಚಕರು ಕೇಳಲಿ. ಔಷಧ ಬೇಕಾದ ಮನೆಗೂ, ದಾರಿಯಲ್ಲಿರುವ ಮಾಳಿಗೆಗೂ ಅದರಿಂದಲೇ ಕ್ಷೇಮ.