ಹಳೆಯ ಷೇರು, ಕಳೆದುಹೋದ ಚೀಟಿ

ನಿಮ್ಮ ಪತಿ 2016ರಲ್ಲಿ ತೀರಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ವರ್ಷಗಳ ನಂತರ ಕಪಾಟು ಖಾಲಿ ಮಾಡುವಾಗ ಒಂದು ಕಂಪೆನಿಯ 1,000 ಷೇರುಗಳ ಪ್ರಮಾಣಪತ್ರ ಸಿಗುತ್ತದೆ. ಎಷ್ಟಕ್ಕೆ ಕೊಂಡರೆಂಬ ಚೀಟಿ ಮಾತ್ರ ಇಲ್ಲ. 'ಖರೀದಿ ಬೆಲೆ ಗೊತ್ತಿಲ್ಲದಿದ್ದರೆ ಮಾರಿದ ಹಣವೆಲ್ಲ ಲಾಭವೇ, ಅಷ್ಟಕ್ಕೂ ತೆರಿಗೆ' ಎಂದು ಯಾರೋ ಹೆದರಿಸುತ್ತಾರೆ. ನೀವು ಕಾಗದವನ್ನು ಮತ್ತೆ ಕಪಾಟಿಗೆ ಸೇರಿಸುತ್ತೀರಿ.

ಸಹೋದರಿಯರೇ, ಹೆದರಬೇಕಾಗಿಲ್ಲ. ಷೇರು ಪೇಟೆಯಲ್ಲಿ ವ್ಯವಹಾರವಾಗುವ ಕಂಪೆನಿಯ ಷೇರು 2018ರ ಜನವರಿ 31ಕ್ಕೆ ಮೊದಲೇ ನಿಮ್ಮದಾಗಿದ್ದರೆ ಕಾನೂನು ಒಂದು ಅನುಕೂಲ ಮಾಡಿಕೊಟ್ಟಿದೆ. ಆ ದಿನದ ಅತಿ ಹೆಚ್ಚಿನ ಬೆಲೆಯನ್ನೂ ನೀವು ಮಾರಿದ ಬೆಲೆಯನ್ನೂ ಹೋಲಿಸಿ, ಕಡಿಮೆಯಿರುವುದನ್ನು ಹಿಡಿಯಬೇಕು. ಅಸಲು ಖರೀದಿ ಬೆಲೆ ಅದಕ್ಕಿಂತ ಕಡಿಮೆಯಿದ್ದರೆ, ಹೀಗೆ ಹಿಡಿದದ್ದೇ ನಿಮ್ಮ ಖರೀದಿ ಬೆಲೆ. ಇಪ್ಪತ್ತು ಮೂವತ್ತು ವರ್ಷ ಹಿಂದಿನ ಷೇರಾದರೆ ಸಾಮಾನ್ಯವಾಗಿ ಅಸಲು ಬೆಲೆ ಕಡಿಮೆಯೇ ಇರುತ್ತದೆ. ಅಂದರೆ ಕಳೆದುಹೋದ ಆ ಚೀಟಿಯಿಂದ ಲೆಕ್ಕ ಬದಲಾಗುವುದು ಅಪರೂಪ.

ಆ ದಿನದ ಬೆಲೆ 600 ರೂಪಾಯಿ, ಈಗ ಷೇರು ಪೇಟೆಯ ಮೂಲಕ ಮಾರಿದ್ದು 1,000ಕ್ಕೆ ಎನ್ನೋಣ. ಲಾಭ ಷೇರಿಗೆ 400. ಒಟ್ಟು 4 ಲಕ್ಷ. ಒಬ್ಬರಿಗೆ ವರ್ಷಕ್ಕೆ 1.25 ಲಕ್ಷದವರೆಗಿನ ಇಂಥ ಲಾಭಕ್ಕೆ ತೆರಿಗೆಯಿಲ್ಲ. ಮೇಲಿನದಕ್ಕೆ ಶೇಕಡಾ 12.5. 2024ರ ಜುಲೈ 23ರಿಂದ ಇರುವ ದರವಿದು. ಸೆಸ್ ಸೇರಿ 35,750 ರೂಪಾಯಿ ಆಗುತ್ತದೆ. ಜನವರಿ 2018ರ ನಂತರ ಷೇರು ವಿಭಜನೆಯಾಗಿದ್ದರೆ 600ನ್ನು ಅದೇ ಪ್ರಮಾಣದಲ್ಲಿ ಇಳಿಸಬೇಕು. ಆಮೇಲೆ ಬಂದ ಬೋನಸ್ ಷೇರಿನ ಖರೀದಿ ಬೆಲೆ ಸೊನ್ನೆ.

ಆದರೆ ನಿಲ್ಲಿ. ಈ ಷೇರು ಯಾರದು? ನಾಮಿನಿಯೆಂದು ಹಿರಿಯ ಮಗನ ಹೆಸರಿದ್ದ ಮಾತ್ರಕ್ಕೆ ಅದು ಅವನದಾಗುವುದಿಲ್ಲ. ನಾಮಿನಿ ಮಾಲಿಕನಲ್ಲ, ವಾರೀಸುದಾರರ ಪರವಾಗಿ ಹಿಡಿದಿರುವವನು ಮಾತ್ರ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. 'ಕಾಗದವೇ ಇಲ್ಲ, ಹಂಚುವುದೇನು?' ಎಂಬ ಮಾತಿನಲ್ಲಿ ಹೆಚ್ಚಾಗಿ ಮುಳುಗುವುದು ವಿಧವೆಯ ಮತ್ತು ಹೆಣ್ಣುಮಕ್ಕಳ ಪಾಲು. ಕುರ್‌ಆನ್ ನಿಗದಿಪಡಿಸಿದ ಪಾಲನ್ನು ಮನ್ನಾ ಮಾಡಲು ಅಣ್ಣನಿಗೆ ಅಧಿಕಾರ ಕೊಟ್ಟವರಾರು?

ಮರ್ಹೂಮರ ತಂದೆತಾಯಿ ಮೊದಲೇ ತೀರಿದ್ದು, ಸಾಲ ಮತ್ತು ವಸಿಯ್ಯತ್ ಇಲ್ಲದಿದ್ದರೆ, ಈ ಸಾವಿರದಲ್ಲಿ ಪತ್ನಿಗೆ ಎಂಟನೇ ಒಂದು, ಅಂದರೆ 125. ಇಬ್ಬರು ಗಂಡುಮಕ್ಕಳಿಗೆ 350ರಂತೆ, ಒಬ್ಬ ಮಗಳಿಗೆ 175. ಷೇರುಗಳನ್ನು ಹೀಗೆ ಅವರವರ ಡಿಮ್ಯಾಟ್ ಖಾತೆಗೆ ಹಾಕಿಸಿ, ಆಮೇಲೆ ಮಾರಿದರೆ ತಾಯಿಯ ಲಾಭ 50,000, ಮಗಳದು 70,000. ಬೇರೆ ಷೇರುಗಳ ಲಾಭವಿಲ್ಲದಿದ್ದರೆ ಇಬ್ಬರಿಗೂ ತೆರಿಗೆಯಿಲ್ಲ. ಗಂಡುಮಕ್ಕಳಿಗೆ ತಲಾ 1,40,000. ತೆರಿಗೆ ತಲಾ 1,950 ಮಾತ್ರ. ನಾಮಿನಿಯೇ ಎಲ್ಲವನ್ನೂ ಮಾರಿಬಿಟ್ಟರೆ ಇಡೀ 4 ಲಕ್ಷ ಅವನ ಪ್ಯಾನ್ ಹೆಸರಲ್ಲಿ ಕಾಣಿಸುತ್ತದೆ. ಹಕ್ಕುದಾರರಿಗೆ ಹಕ್ಕು ಕೊಟ್ಟರೆ ತೆರಿಗೆಯೂ ಹಗುರ! ಪಿತ್ರಾರ್ಜಿತವಾಗಿ ಷೇರು ಬಂದದ್ದಕ್ಕೆ ತೆರಿಗೆಯೇ ಇಲ್ಲ, ಮಾರಿದಾಗ ಮಾತ್ರ.

ಆದರೂ ಪುರಾವೆ ಹುಡುಕದಿರಬೇಡಿ. ಪತಿಯ ಹೆಸರಿಗೆ ಯಾವಾಗ ವರ್ಗವಾಯಿತೆಂಬುದು ಹೆಚ್ಚಾಗಿ ಪ್ರಮಾಣಪತ್ರದ ಹಿಂಬದಿಯಲ್ಲೇ ಇರುತ್ತದೆ. ಫೋಲಿಯೋ ಸಂಖ್ಯೆ ಬರೆದು ಕಂಪೆನಿಯ ರಿಜಿಸ್ಟ್ರಾರ್‌ಗೆ ಪತ್ರ ಹಾಕಿ. ಹಳೆಯ ಪಾಸ್‌ಬುಕ್, ಡಿವಿಡೆಂಡ್ ಚೀಟಿಗಳನ್ನು ಎಸೆಯಬೇಡಿ. ಬಾಯಿಗೆ ಬಂದ ಬೆಲೆಯನ್ನು ರಿಟರ್ನ್‌ನಲ್ಲಿ ಬರೆಯುವುದಂತೂ ಸುಳ್ಳು. ಜನವರಿ 31ರ ಬೆಲೆ ಷೇರು ವಿನಿಮಯ ಕೇಂದ್ರದ ದಾಖಲೆಯಲ್ಲೇ ಸಿಗುವಾಗ ಅದರ ಅಗತ್ಯವೂ ಇಲ್ಲ.

ಏಳು ವರ್ಷ ಸತತವಾಗಿ ಡಿವಿಡೆಂಡ್ ಪಡೆಯದಿದ್ದರೆ ಷೇರುಗಳು ಸರಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತವೆ. ಹೋಗಿದ್ದರೂ ಐಇಪಿಎಫ್-5 ಅರ್ಜಿ ಹಾಕಿ ಮರಳಿ ಪಡೆಯಬಹುದು. ಕಪಾಟಿನ ಕಾಗದವನ್ನು ಈ ವಾರವೇ ತೆಗೆದು ನೋಡಿ, ಹೆಣ್ಣುಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು.